ಅಪ್ಪನಿಗೆ ಎಲ್ಲಾ ಅರ್ಥವಾಗುತ್ತದೆ, ಮಾತು ಮಾತ್ರ ಬರುತ್ತಿಲ್ಲ: ಸ್ಟ್ರೋಕ್ ನಂತರದ ಅಫೇಸಿಯಾಗೆ ಏನು ಚಿಕಿತ್ಸೆ?

ಪ್ರಶ್ನೆ: ನನ್ನ ತಂದೆಗೆ 62 ವರ್ಷ. ನಾಲ್ಕು ತಿಂಗಳ ಹಿಂದೆ ಮೆದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಯಿತು. ಬಲಗೈಗೆ ಬಲ ಕಡಿಮೆ, ಆದರೆ ನಡೆದಾಡುತ್ತಾರೆ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ, ಬಾಯಿಂದ ಮಾತ್ರ ನಾಲ್ಕಾರು ಪದ ಬಿಟ್ಟು ಏನೂ ಬರುವುದಿಲ್ಲ. ಒಮ್ಮೊಮ್ಮೆ ‘ಹೌದು’ ಎನ್ನಬೇಕಾದ ಕಡೆ ‘ಇಲ್ಲ’ ಎನ್ನುತ್ತಾರೆ. ವಿಚಿತ್ರವೆಂದರೆ ಒಂದರಿಂದ ಹತ್ತರವರೆಗೆ ಎಣಿಸುತ್ತಾರೆ, ಹಳೆಯ ಹಾಡಿನ ಸಾಲು ಹಾಡುತ್ತಾರೆ. ದಿನಾ ಮನೆಯ ವಸ್ತುಗಳನ್ನು ತೋರಿಸಿ ‘ಇದೇನು, ಹೇಳಿ’ ಎಂದು ಕೇಳುತ್ತೇವೆ. ಸಿಟ್ಟು ಮಾಡಿಕೊಂಡು ಎದ್ದು ಹೋಗುತ್ತಾರೆ. ಆರು ತಿಂಗಳು ದಾಟಿದರೆ ಮತ್ತೆ ಸುಧಾರಣೆ ಇಲ್ಲವಂತೆ, ನಿಜವೇ? ಮಾತ್ರೆ ಏನಾದರೂ ಇದೆಯೇ? ಅವರು ಮನೆಯಲ್ಲಿ ಕನ್ನಡ, ಕೆಲಸದಲ್ಲಿ ಇಂಗ್ಲಿಷ್ ಬಳಸುತ್ತಿದ್ದರು. ಅಭ್ಯಾಸ ಯಾವ ಭಾಷೆಯಲ್ಲಿ ಮಾಡಿಸಬೇಕು?

ಉತ್ತರ: ಆರು ತಿಂಗಳ ಗಡುವು ನಿಜವಲ್ಲ. ಮಾತು ತರಿಸುವ ಮಾತ್ರೆ ಇಲ್ಲ. ವಸ್ತು ತೋರಿಸಿ ಹೆಸರು ಕೇಳುವುದನ್ನು ಇವತ್ತೇ ನಿಲ್ಲಿಸಿ, ಅದು ಅಭ್ಯಾಸವಲ್ಲ, ಪರೀಕ್ಷೆ. ಸಿಗದ ಪದವನ್ನು ದಿನಕ್ಕೆ ಇಪ್ಪತ್ತು ಸಲ ಕೇಳಿದರೆ, ಪದ ಸಿಗದೆ ಹೋಗುವುದೇ ಇಪ್ಪತ್ತು ಸಲ ಅಭ್ಯಾಸವಾಗುತ್ತದೆ. ಅವರು ಎದ್ದು ಹೋಗುವುದು ಹಟದಿಂದಲ್ಲ.

ನೀವು ವಿವರಿಸಿದ ಲಕ್ಷಣಗಳು ಅಫೇಸಿಯಾವನ್ನು, ಅಂದರೆ ಮೆದುಳಿಗೆ ಏಟಾಗಿ ಭಾಷೆಯೇ ಕೆಡುವುದನ್ನು, ಸೂಚಿಸುತ್ತವೆ. ಬಲಗೈ ಬಳಸುವ ಬಹುತೇಕ ಎಲ್ಲರಿಗೂ, ಎಡಗೈ ಬಳಸುವವರಲ್ಲೂ ಹೆಚ್ಚಿನವರಿಗೆ ಭಾಷೆಯ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ. ಆ ಭಾಗಕ್ಕೆ ರಕ್ತ ಒಯ್ಯುವ ಮಧ್ಯ ಮಸ್ತಿಷ್ಕ ಅಪಧಮನಿ ಮುಚ್ಚಿಕೊಂಡರೆ ಭಾಷೆಗೂ ಬಲಗೈಗೂ ಒಟ್ಟಿಗೇ ಏಟು ಬೀಳುತ್ತದೆ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಆರಂಭದಲ್ಲಿ ಅಫೇಸಿಯಾ ಇರುತ್ತದೆ. ಇದರಲ್ಲಿ ಬುದ್ಧಿ ಹೋಗಿರುವುದಿಲ್ಲ. ತಿಳಿವಳಿಕೆ, ನೆನಪು, ಇಷ್ಟಾನಿಷ್ಟ ಎಲ್ಲ ಬಹುಮಟ್ಟಿಗೆ ಹಾಗೇ ಇದ್ದು, ಅವುಗಳಿಗೂ ಪದಗಳಿಗೂ ನಡುವಿನ ದಾರಿ ಕೆಟ್ಟಿರುತ್ತದೆ.

ಆ ದಾರಿ ಎಲ್ಲಿ ಕೆಟ್ಟಿದೆ ಎಂದು ಗೊತ್ತಾಗದೆ ಚಿಕಿತ್ಸೆ ಶುರು ಮಾಡುವುದೇ ಸಾಮಾನ್ಯವಾಗಿ ಆಗುವ ತಪ್ಪು. ಮಾತು ಬಾರದಿರುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿರಬಹುದು, ಮೂರೂ ಒಬ್ಬರಲ್ಲೇ ಇರಬಹುದು. ನಾಲಿಗೆ, ತುಟಿ, ಅಂಗುಳಿನ ಸ್ನಾಯುಗಳೇ ದುರ್ಬಲವಾಗಿದ್ದರೆ ಮಾತು ತೊದಲುತ್ತದೆ, ಆದರೆ ಪದಗಳೂ ವಾಕ್ಯಗಳೂ ಸರಿಯಾಗಿರುತ್ತವೆ, ಬರೆಯಲು ತೊಂದರೆ ಇರುವುದಿಲ್ಲ. ಇದು ಡಿಸಾರ್ಥ್ರಿಯಾ. ಸ್ನಾಯುವಿಗೆ ಬಲ ಇದ್ದೂ, ಯಾವ ಧ್ವನಿಯ ನಂತರ ಯಾವುದು ಎಂಬ ಚಲನೆಯ ಯೋಜನೆ ಕೆಟ್ಟಿದ್ದರೆ ಬಾಯಿ ತಡಕಾಡುತ್ತದೆ, ಒಂದೇ ಪದ ಒಂದೊಂದು ಸಲ ಒಂದೊಂದು ಥರ ಬರುತ್ತದೆ, ಪದ ಉದ್ದವಾದಷ್ಟೂ ಕಷ್ಟ. ಇದು ಮಾತಿನ ಅಪ್ರಾಕ್ಸಿಯಾ. ಪದವೇ ಸಿಗದೆ, ಬೇರೆ ಪದ ಬಂದು, ವಾಕ್ಯ ಕಟ್ಟಲಾಗದೆ, ಓದು-ಬರಹವೂ ಕೆಟ್ಟಿದ್ದರೆ ಅಫೇಸಿಯಾ. ಅಪ್ಪನಿಗೆ ಬಾಯಿಯ ವ್ಯಾಯಾಮ, ಗಾಳಿ ಊದಿಸುವುದು, ನಾಲಿಗೆ ಚಾಚಿಸುವುದು ಇಷ್ಟನ್ನೇ ಯಾರಾದರೂ ಮಾಡಿಸುತ್ತಿದ್ದರೆ ಯಾಕೆ ಎಂದು ಕೇಳಿ. ಅಫೇಸಿಯಾಗೆ ಅದರಿಂದ ಪ್ರಯೋಜನವಿಲ್ಲ.

‘ಹೇಳಿದ್ದೆಲ್ಲ ಅರ್ಥವಾಗುತ್ತದೆ’ ಎಂಬ ಮಾತನ್ನೂ ಪರೀಕ್ಷಿಸದೆ ನಂಬಬೇಡಿ. ಮನೆಯಲ್ಲಿ ನಾವು ಕೈ ತೋರಿಸುತ್ತೇವೆ, ಆ ಕಡೆ ನೋಡುತ್ತೇವೆ, ಅದೇ ಹೊತ್ತಿಗೆ ಅದೇ ಮಾತು ಹೇಳುತ್ತೇವೆ. ಪದ ಅರ್ಥವಾಗದಿದ್ದರೂ ಸಂದರ್ಭವೇ ಅರ್ಧ ಹೇಳಿಬಿಡುತ್ತದೆ. ಕೈ ಆಡಿಸದೆ, ಅವರ ಮುಖವನ್ನಷ್ಟೇ ನೋಡುತ್ತಾ, ‘ಪೆನ್ನನ್ನು ಪುಸ್ತಕದ ಕೆಳಗಿಡಿ, ಆಮೇಲೆ ಬೀಗದ ಕೈ ನನಗೆ ಕೊಡಿ’ ಎಂದು ಹೇಳಿ ನೋಡಿ. ಇನ್ನೊಂದು: ‘ನಾಯಿ ಬೆಕ್ಕನ್ನು ಅಟ್ಟಿಸಿಕೊಂಡು ಹೋಯಿತು’, ‘ನಾಯಿಯನ್ನು ಬೆಕ್ಕು ಅಟ್ಟಿಸಿಕೊಂಡು ಹೋಯಿತು’ ಎಂಬ ಎರಡಕ್ಕೂ ಚಿತ್ರ ಬರೆದಿಟ್ಟು, ಒಂದು ವಾಕ್ಯ ಹೇಳಿ ಸರಿಯಾದ ಚಿತ್ರ ಆರಿಸಲು ಹೇಳಿ. ಒಂದೇ ಸಲದ ಉತ್ತರ ಅದೃಷ್ಟವೂ ಆಗಿರಬಹುದು, ಆದ್ದರಿಂದ ಬೇರೆ ಬೇರೆ ವಾಕ್ಯಗಳಲ್ಲಿ ಹಲವು ಸಲ ನೋಡಿ. ಮಾತು ಕಡಿಮೆ ಇದ್ದೂ ಚೆನ್ನಾಗಿ ಗ್ರಹಿಸುವಂತೆ ಕಾಣುವ ಅನೇಕರು ಎರಡನೆಯ ಬಗೆಯ ವಾಕ್ಯದಲ್ಲಿ, ಅಂದರೆ ‘-ಅನ್ನು’ ಎಂಬ ಪ್ರತ್ಯಯವೇ ಅರ್ಥವನ್ನು ತಿರುಗಿಸುವ ಕಡೆ, ಎಡವುತ್ತಾರೆ. ಅಪ್ಪನಿಗೂ ಹಾಗಾದರೆ, ಅವರೊಂದಿಗೆ ಮಾತಾಡುವಾಗ ‘ಯಾರು, ಏನು, ಏನು ಮಾಡಿದರು’ ಎಂಬ ನೇರ ಕ್ರಮದ ಚಿಕ್ಕ ವಾಕ್ಯಗಳನ್ನೇ ಬಳಸಿ.

ವಾಕ್ ಚಿಕಿತ್ಸಕರ ವರದಿಯಲ್ಲಿ ಅಫೇಸಿಯಾದ ಬಗೆಗೆ ಒಂದು ಹೆಸರು ಸಿಗುತ್ತದೆ. ಪದಗಳು ಕಡಿಮೆ, ಗ್ರಹಿಕೆ ತಕ್ಕಮಟ್ಟಿಗೆ ಇದ್ದರೆ ಬ್ರೋಕಾ. ಮಾತು ಸರಾಗವಾಗಿ ಹರಿದರೂ ಅರ್ಥವಿಲ್ಲದೆ, ಗ್ರಹಿಕೆಯೂ ಕೆಟ್ಟಿದ್ದರೆ ವರ್ನಿಕೆ. ಎರಡೂ ತೀರಾ ಕೆಟ್ಟಿದ್ದರೆ ಗ್ಲೋಬಲ್. ಹೆಸರುಗಳಷ್ಟೇ ಸಿಗದಿದ್ದರೆ ಅನೋಮಿಕ್. 1861ರಲ್ಲಿ ಫ್ರೆಂಚ್ ವೈದ್ಯ ಪಾಲ್ ಬ್ರೋಕಾ ವಿವರಿಸಿದ ರೋಗಿ ಏನು ಕೇಳಿದರೂ ‘ಟಾನ್’ ಎಂದಷ್ಟೇ ಹೇಳುತ್ತಿದ್ದ. ನಿಮ್ಮ ತಂದೆಯ ‘ನಾಲ್ಕಾರು ಪದ’ದಲ್ಲೂ ಹಾಗೆ ಎಲ್ಲದಕ್ಕೂ ಬಂದುಬಿಡುವ ಒಂದು ಪದ ಇದ್ದೀತು. ಈ ಹೆಸರುಗಳಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ತಿಂಗಳು ಕಳೆದಂತೆ ಒಂದು ಬಗೆ ಇನ್ನೊಂದಾಗುವುದು ಮಾಮೂಲು. ವರದಿಯಲ್ಲಿ ನೋಡಬೇಕಾದದ್ದು ಬೇರೆ: ಕೇಳಿ ಗ್ರಹಿಸುವುದು, ಹೆಸರಿಸುವುದು, ಹೇಳಿಕೊಟ್ಟದ್ದನ್ನು ಮರುನುಡಿಯುವುದು, ಓದುವುದು, ಬರೆಯುವುದು, ಈ ಐದೂ ಬಿಡಿಬಿಡಿಯಾಗಿ ಅಳೆಯಲಾಗಿದೆಯೇ? ಇಲ್ಲವಾದರೆ ಅಳೆಯಲು ಕೇಳಿ. ಕಿವಿ ಪರೀಕ್ಷೆಯೂ ಕಣ್ಣಿನ ಪರೀಕ್ಷೆಯೂ ಆಗಿರಲಿ. ಎಡಭಾಗದ ಸ್ಟ್ರೋಕ್‌ನಲ್ಲಿ ನೋಟದ ಬಲಗಡೆಯ ಅರ್ಧಭಾಗ ಕಾಣಿಸದೆ ಹೋಗುವುದುಂಟು. ಹಾಗಿದ್ದರೆ ಬಲಗಡೆ ಇಟ್ಟ ಚಿತ್ರ ಅವರಿಗೆ ಕಂಡೇ ಇರುವುದಿಲ್ಲ, ನಾವು ಅದನ್ನು ‘ಗೊತ್ತಾಗಲಿಲ್ಲ’ ಎಂದು ಬರೆದುಕೊಳ್ಳುತ್ತೇವೆ. ಅಭ್ಯಾಸದ ಚಿತ್ರಗಳನ್ನು ಒಂದರ ಕೆಳಗೊಂದು, ನಡುವಿನಿಂದ ಎಡಕ್ಕೆ ಸರಿಸಿ ಇಡಿ.

ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕಾದದ್ದು ಹೌದು-ಇಲ್ಲ. ಅದು ನಂಬುವಂತಾಗದಿದ್ದರೆ ‘ನೋವಿದೆಯಾ?’ ಎಂದು ಕೇಳಿಯೂ ಉಪಯೋಗವಿಲ್ಲ. ‘ಹೌದು’, ‘ಇಲ್ಲ’ ಎರಡನ್ನೂ ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆಯಿರಿ, ಪಕ್ಕದಲ್ಲಿ ಸರಿ ಗುರುತು, ತಪ್ಪು ಗುರುತು ಹಾಕಿ. ಬಾಯಿಂದ ಏನೇ ಬಂದರೂ ಕೈಯಿಂದ ತೋರಿಸಿದ್ದನ್ನೇ ಉತ್ತರವೆಂದು ಹಿಡಿಯುವ ನಿಯಮ ಮಾಡಿಕೊಳ್ಳಿ, ಅದನ್ನು ಅವರಿಗೂ ಹೇಳಿ. ನಿಮಗೆ ಉತ್ತರ ಗೊತ್ತಿರುವ ಪ್ರಶ್ನೆಗಳಿಂದ ಶುರು ಮಾಡಿ: ಅವರದೇ ಹೆಸರು ಹೇಳಿ ‘ನೀವು ಇವರೇನಾ?’, ಆಮೇಲೆ ಬೇರೆ ಹೆಸರು ಹೇಳಿ ಅದನ್ನೇ ಕೇಳಿ. ಹತ್ತರಲ್ಲಿ ಐದಕ್ಕೆ ಉತ್ತರ ಹೌದು, ಐದಕ್ಕೆ ಇಲ್ಲ ಆಗಿರಲಿ, ಕ್ರಮ ಕಲಸಿರಲಿ. ಹತ್ತರಲ್ಲಿ ಐದಾರು ಸರಿಯಾದರೆ ಅದು ನಾಣ್ಯ ಚಿಮ್ಮಿಸಿದ ಹಾಗೆ. ಒಂಬತ್ತು ಸರಿ ಬರುವ ತನಕ ಮುಖ್ಯ ವಿಷಯಗಳನ್ನು ಎರಡು ಬಗೆಯಾಗಿ ಕೇಳಿ: ‘ಹೊರಗೆ ಹೋಗೋಣವಾ?’, ಸ್ವಲ್ಪ ಬಿಟ್ಟು ‘ಮನೆಯಲ್ಲೇ ಇರೋಣವಾ?’ ಎರಡಕ್ಕೂ ‘ಹೌದು’ ಬಂದರೆ ಉತ್ತರ ಇನ್ನೂ ಸಿಕ್ಕಿಲ್ಲ ಎಂದರ್ಥ.

ಎಣಿಕೆ, ವಾರದ ಹೆಸರುಗಳು, ಪ್ರಾರ್ಥನೆ, ಬೈಗುಳ, ಹಾಡು ಇವು ಉಳಿಯುವುದರಲ್ಲಿ ವಿಚಿತ್ರವೇನಿಲ್ಲ. ಸಾವಿರಾರು ಸಲ ಹೇಳಿ ಒಂದೇ ಸರವಾಗಿ ಬಾಯಿಗೆ ಬಂದಿರುವ ಮಾತು ಅದು, ಪದ ಹುಡುಕಿ ಕಟ್ಟುವ ಕೆಲಸ ಅಲ್ಲಿಲ್ಲ. ಮೆದುಳಿನ ಬಲಭಾಗವೂ ಇದರಲ್ಲಿ ಪಾಲ್ಗೊಳ್ಳುತ್ತದೆ ಎಂದು ಭಾವಿಸಲಾಗಿದೆ. ಹಾಡು ಎಷ್ಟು ಹಾಡಿಸಿದರೂ ಹಾಡಿನ ಪದ ಮಾತಿಗೆ ತಾನಾಗಿ ಇಳಿಯುವುದಿಲ್ಲ. ಅದು ಮನಸ್ಸಿಗೆ ಹಿತ, ಅಷ್ಟಕ್ಕೇ ಹಾಡಿಸಿ. ಆದರೆ ಲಯವನ್ನು ಚಿಕಿತ್ಸೆಯಾಗಿ ಬಳಸುವ ಕ್ರಮವೊಂದಿದೆ, 1973ರಿಂದ ಬಳಕೆಯಲ್ಲಿರುವ ಮೆಲಾಡಿಕ್ ಇಂಟೊನೇಷನ್ ಥೆರಪಿ. ಗ್ರಹಿಕೆ ಚೆನ್ನಾಗಿದ್ದು ಮಾತು ತೀರಾ ಕಡಿಮೆ ಇರುವವರಿಗೇ ಅದು ಹೊಂದುವುದು. ‘ನೀರು ಬೇಕು’ ಎಂಬಂಥ ದಿನಬಳಕೆಯ ನುಡಿಯನ್ನು ಏರು-ಇಳಿ ಎಂಬ ಎರಡೇ ಸ್ವರದಲ್ಲಿ ಎಳೆದು ಗುನುಗುತ್ತಾ, ಒಂದೊಂದು ಅಕ್ಷರಕ್ಕೂ ಅವರ ಎಡಗೈಯಿಂದ ಮೇಜಿನ ಮೇಲೆ ಒಂದು ತಟ್ಟು ಹಾಕಿಸುತ್ತಾರೆ. ಮೊದಲು ಇಬ್ಬರೂ ಸೇರಿ ಹೇಳುವುದು, ನಂತರ ಅರ್ಧದಲ್ಲಿ ಚಿಕಿತ್ಸಕರು ನಿಲ್ಲಿಸುವುದು, ನಂತರ ಅವರೊಬ್ಬರೇ, ಕೊನೆಗೆ ‘ಏನು ಬೇಕು?’ ಎಂಬ ಪ್ರಶ್ನೆಗೆ ಉತ್ತರವಾಗಿ. ಅಭ್ಯಾಸ ಮಾಡಿದ ನುಡಿಗಳನ್ನು ಮರುನುಡಿಯುವುದು ಇದರಿಂದ ಸುಧಾರಿಸುತ್ತದೆ, ಉಳಿದ ಮಾತಿಗೆ ಎಷ್ಟು ಹರಡುತ್ತದೆ ಎಂಬುದಕ್ಕೆ ಪುರಾವೆ ತೆಳು.

ಇನ್ನು ಪದ ಹುಡುಕುವ ಅಭ್ಯಾಸ. ಇದನ್ನು ನೀವು ಮನೆಯಲ್ಲೇ ಮಾಡಿಸಬಹುದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪದಗಳ ಆಯ್ಕೆಯಲ್ಲೇ ಅರ್ಧ ಕೆಲಸವಿದೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಬಿಗ್ ಕ್ಯಾಕ್ಟಸ್’ ಅಧ್ಯಯನದಲ್ಲಿ 278 ಮಂದಿ ಇದ್ದರು. ಅವರಲ್ಲಿ ಒಂದು ಗುಂಪಿನವರು ತಮಗೆ ಬೇಕಾದ ಪದಗಳನ್ನು ಆರು ತಿಂಗಳು ಮನೆಯಲ್ಲೇ ಕಂಪ್ಯೂಟರ್‌ನಲ್ಲಿ ಅಭ್ಯಾಸ ಮಾಡಿದರು. ಅಭ್ಯಾಸ ಮಾಡಿದ ಪದಗಳು ಸ್ಪಷ್ಟವಾಗಿ ಸುಧಾರಿಸಿದವು, ಸಂಭಾಷಣೆ ಮಾತ್ರ ತಾನಾಗಿ ಸುಧಾರಿಸಲಿಲ್ಲ. ಅಂದರೆ ಕಲಿತ ಪದವೇ ಬರುತ್ತದೆ, ಕಲಿಯದ್ದು ಸುಮ್ಮನೆ ಬರುವುದಿಲ್ಲ. ಮಕ್ಕಳ ಚಿತ್ರಪುಸ್ತಕದ ಆನೆ, ಜಿರಾಫೆ ಕಲಿಸಿದರೆ ಅವರಿಗೆ ಆನೆ, ಜಿರಾಫೆಯೇ ಬರುತ್ತವೆ. ಮನೆಯವರ ಹೆಸರು, ಕನ್ನಡಕ, ಔಷಧಿ, ಫೋನು, ಅವರ ಹವ್ಯಾಸದ ಪದಗಳು ಹೀಗೆ ದಿನಕ್ಕೊಮ್ಮೆಯಾದರೂ ಬೇಕಾಗುವ 20-30 ಪದಗಳನ್ನು ಅವರನ್ನೇ ಕೇಳಿ ಆರಿಸಿ. ಅದರಲ್ಲಿ ಎಂಟು ಹತ್ತಾದರೂ ಕ್ರಿಯಾಪದಗಳಿರಲಿ. ಒಮ್ಮೆಗೆ ಐದೇ ಪದ ತೆಗೆದುಕೊಳ್ಳಿ.

ಫೋಟೊ ಅಥವಾ ವಸ್ತು ಎದುರಿಗಿಟ್ಟು ಎಂಟು-ಹತ್ತು ಸೆಕೆಂಡು ಸುಮ್ಮನಿರಿ. ಈ ಸುಮ್ಮನಿರುವುದೇ ಮನೆಯವರಿಗೆ ಅತಿ ಕಷ್ಟ; ಮೂರನೇ ಸೆಕೆಂಡಿಗೇ ಯಾರಾದರೂ ಬಾಯಿ ಹಾಕುತ್ತಾರೆ. ಪದ ಬಾರದಿದ್ದರೆ ಅದರ ಸುತ್ತಲಿನ ಅರ್ಥವನ್ನು ಎತ್ತಿಕೊಡಿ: ಯಾವ ಕೆಲಸಕ್ಕೆ, ಎಲ್ಲಿಡುತ್ತೇವೆ, ಯಾವುದರ ಜೊತೆ ಬಳಸುತ್ತೇವೆ. ಆಗಲೂ ಬಾರದಿದ್ದರೆ ವಾಕ್ಯವನ್ನು ಅರ್ಧಕ್ಕೆ ಬಿಡಿ: ‘ಪೇಪರ್ ಓದೋಕೆ ಕಣ್ಣಿಗೆ ಹಾಕ್ಕೊಳ್ಳೋದು...’ ನಂತರ ಮೊದಲ ಅಕ್ಷರವನ್ನು ಬರೆದು ತೋರಿಸಿ, ‘ಕ’ ಎಂದು ಬಾಯಿಯ ಆಕಾರ ಕಾಣುವಂತೆ ಹೇಳಿ. ಅದೂ ಸಾಲದಾದರೆ ‘ಕನ್ನಡಕ’ ಎಂದು ಪೂರ್ತಿ ಹೇಳಿ, ಅವರಿಂದ ಹೇಳಿಸಿ. ಇಲ್ಲಿಗೆ ಬಿಡಬೇಡಿ. ಐದು ಸೆಕೆಂಡು ಬಿಟ್ಟು ಮತ್ತೆ ಹೇಳಿಸಿ, ಹದಿನೈದು ಸೆಕೆಂಡು ಬಿಟ್ಟು ಮತ್ತೆ, ಅರ್ಧ ನಿಮಿಷ, ಒಂದು ನಿಮಿಷ. ನಡುವೆ ತಪ್ಪಿದರೆ ಹಿಂದಿನ ಅಂತರಕ್ಕೆ ಇಳಿಯಿರಿ. ಕೊನೆಗೆ ಅದೇ ಪದ ಸಂಜೆ ನಿಜವಾಗಿ ಬೇಕಾದಾಗ ಒಮ್ಮೆ ಬಳಕೆಯಾಗಬೇಕು. ಪದ ಮೇಜಿನ ಮೇಲೇ ಉಳಿದುಹೋಗುವುದು ಈ ಕೊನೆಯ ಹಂತ ಬಿಟ್ಟಾಗ.

ಮೂರು ತೊಡಕು ಖಂಡಿತ ಬರುತ್ತವೆ. ಹಿಂದಿನ ಪದವೇ ಮುಂದಿನ ಚಿತ್ರಕ್ಕೂ ಅಂಟಿಕೊಂಡು ಬರುವುದು ಮೊದಲನೆಯದು. ‘ಅಲ್ಲ, ಅಲ್ಲ’ ಎಂದಷ್ಟೂ ಅದು ಗಟ್ಟಿಯಾಗುತ್ತದೆ. ಚಿತ್ರ ಮುಚ್ಚಿ, ಅರ್ಧ ನಿಮಿಷ ಬೇರೇನಾದರೂ ಮಾಡಿ, ಆಮೇಲೆ ತೆಗೆಯಿರಿ. ಎರಡನೆಯದು ಬೇಗ ಬಳಲುವುದು. ಒಂದು ಗಂಟೆ ಒಟ್ಟಿಗೆ ಕೂರಿಸಬೇಡಿ, ಬೆಳಿಗ್ಗೆ ಇಪ್ಪತ್ತು ನಿಮಿಷ, ಮಧ್ಯಾಹ್ನದ ವಿಶ್ರಾಂತಿಯ ನಂತರ ಇಪ್ಪತ್ತು ನಿಮಿಷ ಸಾಕು. ಟಿವಿ ಬಂದ್ ಆಗಿರಲಿ, ಎದುರಿಗೆ ಒಬ್ಬರೇ ಇರಲಿ. ಮೂರನೆಯದು ತಪ್ಪುಗಳಿಂದ ಕೆರಳುವುದು. ಆಗ ಕ್ರಮವನ್ನೇ ತಿರುವಿ: ಮೊದಲು ಪೂರ್ತಿ ಪದ ಕೊಟ್ಟು ಹೇಳಿಸಿ, ದಿನ ಕಳೆದಂತೆ ಸಹಾಯವನ್ನು ಒಂದೊಂದಾಗಿ ಕಡಿಮೆ ಮಾಡುತ್ತಾ ಬನ್ನಿ. ಎರಡು ಕ್ರಮಗಳ ಫಲದಲ್ಲಿ ದೊಡ್ಡ ವ್ಯತ್ಯಾಸ ಕಂಡುಬಂದಿಲ್ಲ. ಎದ್ದು ಹೋಗದೆ ಕೂರುವಂತೆ ಮಾಡುವ ಕ್ರಮವೇ ನಿಮ್ಮ ತಂದೆಗೆ ಸರಿ.

ಒಂಟಿ ಪದಗಳು ಬರತೊಡಗಿದ ಮೇಲೆ ಕ್ರಿಯಾಪದವನ್ನು ನಡುವಿಟ್ಟು ವಾಕ್ಯ ಕಟ್ಟಿಸಿ. ಹಾಳೆಯ ನಡುವೆ ‘ಕತ್ತರಿಸು’ ಎಂದು ಬರೆಯಿರಿ. ಎಡಕ್ಕೆ ಯಾರು, ಬಲಕ್ಕೆ ಏನನ್ನು. ಬಡಗಿ-ಹಲಗೆ, ದರ್ಜಿ-ಬಟ್ಟೆ, ಕ್ಷೌರಿಕ-ಕೂದಲು ಎಂದು ಮೂರು ಜೋಡಿ ಮಾಡಿಸಿ, ಗಟ್ಟಿಯಾಗಿ ಓದಿಸಿ. ನಂತರ ಒಂದು ಜೋಡಿ ಹಿಡಿದು ಎಲ್ಲಿ, ಯಾವಾಗ, ಯಾಕೆ ಎಂದು ಬೆಳೆಸಿ. ಒಂದು ಕ್ರಿಯಾಪದ ಹಲವು ನಾಮಪದಗಳನ್ನು ಜೊತೆಗೆ ಎಳೆದು ತರುವುದರಿಂದ, ಅಭ್ಯಾಸ ಮಾಡದ ಪದಗಳಿಗೂ ಸುಧಾರಣೆ ಹರಡುವುದನ್ನು ಈ ವಿಧಾನದ ಸಣ್ಣ ಅಧ್ಯಯನಗಳಲ್ಲಿ ಕಂಡಿದ್ದಾರೆ. ‘ಬಡಗಿ ಹಲಗೆ ಕತ್ತರಿಸು’ ಎಂದು ಪ್ರತ್ಯಯ ತಪ್ಪಿ ಹೇಳಿದರೆ ತಿದ್ದಬೇಡಿ. ‘ಹೌದು, ಬಡಗಿ ಹಲಗೆ ಕತ್ತರಿಸಿದ’ ಎಂದು ಸರಿಯಾದ ರೂಪವನ್ನು ನೀವೇ ಒಮ್ಮೆ ಹೇಳಿ ಮುಂದೆ ಹೋಗಿ.

ಇದರ ಜೊತೆಗೇ ಒಂದು ಸ್ಕ್ರಿಪ್ಟ್, ಅಂದರೆ ಬಾಯಿಪಾಠ ಮಾಡಿ ಹೇಳುವ ಸಿದ್ಧ ಮಾತು, ಶುರು ಮಾಡಿ. ‘ಹಲೋ. ನನಗೆ ಸ್ಟ್ರೋಕ್ ಆಗಿದೆ. ಮಾತು ನಿಧಾನ. ಸ್ವಲ್ಪ ಕಾಯಿರಿ.’ ನಾಲ್ಕೇ ವಾಕ್ಯ. ದಿನಾ ನಿಮ್ಮೊಂದಿಗೆ ಒಟ್ಟಿಗೆ ಓದಿ, ಆಮೇಲೆ ನಿಮ್ಮ ದನಿ ತಗ್ಗಿಸುತ್ತಾ ಹೋಗಿ, ಕೆಲವು ವಾರಗಳಲ್ಲಿ ಚೀಟಿ ನೋಡದೆ ಹೇಳುವಂತಾಗಬೇಕು. ನನ್ನ ಎಣಿಕೆಯಲ್ಲಿ ಐವತ್ತು ಚಿತ್ರಗಳ ಹೆಸರಿಗಿಂತ ಈ ನಾಲ್ಕು ವಾಕ್ಯ ಹೆಚ್ಚು ಉಪಯುಕ್ತ, ಅಪರಿಚಿತರ ಮುಂದೆ ಬಾಯಿ ತೆರೆಯುವ ಧೈರ್ಯ ಅದರಿಂದ ಬರುತ್ತದೆ.

ಎಷ್ಟು ಹೊತ್ತಿನ ಚಿಕಿತ್ಸೆ ಬೇಕು? ಹಲವು ದೇಶಗಳ ಅಧ್ಯಯನಗಳ ದತ್ತಾಂಶ ಒಟ್ಟುಗೂಡಿಸಿದ ‘ರಿಲೀಸ್’ ಗುಂಪು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಒಟ್ಟು 20ರಿಂದ 50 ಗಂಟೆಗಳ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನ ಸುಧಾರಣೆ ಕಂಡಿತು. ಒಟ್ಟಾರೆ ಭಾಷೆಗೆ ವಾರಕ್ಕೆ 2-4 ಗಂಟೆ, ಕೇಳಿ ಗ್ರಹಿಸುವುದಕ್ಕೆ 9 ಗಂಟೆಗೂ ಹೆಚ್ಚು, ವಾರದಲ್ಲಿ ಮೂರರಿಂದ ಐದು ದಿನ. ಜೊತೆಗೆ ಮನೆಯ ಅಭ್ಯಾಸ ಇದ್ದವರ ಫಲ ಇನ್ನೂ ಚೆನ್ನಾಗಿತ್ತು. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಹೋಗಿ ಬಂದರೆ ಇದರ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಸ್ಟ್ರೋಕ್ ಆದ ಮೊದಲ ವಾರಗಳಲ್ಲೇ ಜಾಸ್ತಿ ಒತ್ತಿದರೆ ಬೇಗ ಬರುತ್ತದೆ ಎಂಬುದೂ ಇಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 246 ಮಂದಿಯ ಅಧ್ಯಯನದಲ್ಲಿ ಆ ಹಂತದ ತೀವ್ರ ಚಿಕಿತ್ಸೆಗೆ ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚಿನ ಫಲ ಸಿಗಲಿಲ್ಲ.

ಆರು ತಿಂಗಳ ಮಾತಿಗೆ ನೇರ ಉತ್ತರ 2017ರ ಜರ್ಮನಿಯ ಅಧ್ಯಯನದಲ್ಲಿದೆ. ಅದರಲ್ಲಿದ್ದ 156 ಮಂದಿಗೂ ಸ್ಟ್ರೋಕ್ ಆಗಿ ಆರು ತಿಂಗಳು ದಾಟಿತ್ತು. ಮೂರು ವಾರ, ವಾರಕ್ಕೆ ಕನಿಷ್ಠ 10 ಗಂಟೆ ಚಿಕಿತ್ಸೆ ಪಡೆದವರ ದಿನನಿತ್ಯದ ಸಂವಹನ ಸುಧಾರಿಸಿತು. ಸರದಿಗಾಗಿ ಕಾಯುತ್ತಿದ್ದ ಗುಂಪು ಆ ಅವಧಿಯಲ್ಲಿ ಇದ್ದಲ್ಲೇ ಇತ್ತು. ಮೊದಲ ಮೂರು ತಿಂಗಳು ಸುಧಾರಣೆ ವೇಗವಾಗಿರುತ್ತದೆ, ಅದರಲ್ಲಿ ಒಂದಷ್ಟು ತಾನಾಗಿಯೇ ಬರುವಂಥದ್ದು. ಆಮೇಲಿನದು ದುಡಿದು ಪಡೆಯುವಂಥದ್ದು, ನಿಧಾನ. ಪೂರ್ತಿ ಮೊದಲಿನಂತೆ ಆಗುತ್ತದೆಯೇ ಎಂದರೆ, ಆರಂಭದಲ್ಲಿ ತೀವ್ರವಾಗಿದ್ದವರಲ್ಲಿ ಸ್ವಲ್ಪ ಕೊರತೆ ಉಳಿಯುವುದೇ ಹೆಚ್ಚು. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಭಾಷೆಯ ಪ್ರಶ್ನೆ. ಮೊದಲು ಕಲಿತ ಭಾಷೆ ಉಳಿಯುತ್ತದೆ ಎಂದು 1881ರಲ್ಲಿ ಫ್ರೆಂಚ್ ಮನೋವಿಜ್ಞಾನಿ ರಿಬೋ, ಹೆಚ್ಚು ಬಳಸುತ್ತಿದ್ದದ್ದು ಮೊದಲು ಮರಳುತ್ತದೆ ಎಂದು 1895ರಲ್ಲಿ ಫ್ರೆಂಚ್ ವೈದ್ಯ ಪಿತ್ರ್ ಹೇಳಿದರು. ಎರಡೂ ಎಲ್ಲರಿಗೂ ಅನ್ವಯಿಸುವುದಿಲ್ಲ, ಹೆಚ್ಚಿನವರಲ್ಲಿ ಎರಡೂ ಭಾಷೆ ಸರಿಸುಮಾರು ಜೊತೆಯಾಗಿಯೇ ಸುಧಾರಿಸುತ್ತವೆ. ಎರಡರಲ್ಲೂ ಪರೀಕ್ಷೆ ಮಾಡಿಸಿ, ನಂತರ ಅವರು ದಿನವಿಡೀ ಯಾರೊಂದಿಗೆ ಇರುತ್ತಾರೋ ಅವರ ಭಾಷೆಯಲ್ಲಿ ಅಭ್ಯಾಸ ಮಾಡಿಸಿ. ನಿಮ್ಮ ಮನೆಯ ಮಟ್ಟಿಗೆ ಅದು ಕನ್ನಡ. ಚಿಕಿತ್ಸಕರಿಗೆ ಕನ್ನಡ ಬಾರದೆಂದು ಇಂಗ್ಲಿಷಿನಲ್ಲಷ್ಟೇ ಚಿಕಿತ್ಸೆ ನಡೆದರೆ ಮನೆಗೆ ಉಳಿಯುವುದು ಕಡಿಮೆ. ‘ಕನ್ನಡಕ’ ಬಾರದೆ ‘ಸ್ಪೆಕ್ಸ್’ ಬಂದರೆ ಅದೇ ಸರಿ ಉತ್ತರ, ಕನ್ನಡಕ್ಕೆ ಎಳೆಯಬೇಡಿ.

ಔಷಧಿಯ ಬಗ್ಗೆ ಚಿಕ್ಕದಾಗಿ. ಡೊನೆಪೆಜಿಲ್, ಮೆಮ್ಯಾಂಟಿನ್, ಪಿರಾಸೆಟಮ್ ಇವನ್ನೆಲ್ಲ ಅಫೇಸಿಯಾಗೆ ಪ್ರಯೋಗಿಸಿ ನೋಡಿದ್ದಾರೆ, ಚಿಕಿತ್ಸೆಯ ಬದಲಿಗೆ ಕೊಡಬಹುದಾದ ಒಂದೂ ಇಲ್ಲ. ತಲೆಯ ಮೇಲಿಂದ ಕಾಂತೀಯ ಅಥವಾ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವ ವಿಧಾನಗಳ ಬಗ್ಗೆ ಆಶಾದಾಯಕ ಫಲಿತಾಂಶಗಳಿವೆ, ಆದರೆ ಅವು ಮಾತಿನ ಚಿಕಿತ್ಸೆಯ ಜೊತೆಗೆ ಕೊಡುವಂಥವು, ಇನ್ನೂ ಸಂಶೋಧನೆಯ ಹಂತದವು. ಮಾತಿನ ಚಿಕಿತ್ಸೆ ಬೇಡ, ಯಂತ್ರವೊಂದೇ ಸಾಕು ಎನ್ನುವವರಿಗೆ ಹಣ ಕೊಡಬೇಡಿ. ಫಿಟ್ಸ್ ಬಂದಿದ್ದರೆ, ತಲೆಯಲ್ಲಿ ಲೋಹದ ಕ್ಲಿಪ್ ಅಥವಾ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಬೇಕು. ಅವರ ಮಾತ್ರೆಗಳಲ್ಲಿ ಮಂಪರು ತರಿಸುವಂಥದ್ದು ಇದೆಯೇ ಎಂದು ವೈದ್ಯರನ್ನು ಕೇಳಿ. ಊಟ, ನಿದ್ದೆ, ಮಂದಿಯ ಸಹವಾಸ ಬಿಡುತ್ತಿದ್ದರೆ ಖಿನ್ನತೆ ಇರಬಹುದು. ಅಫೇಸಿಯಾ ಆದವರಲ್ಲಿ ಅದು ಸಾಮಾನ್ಯ, ಬಾಯಿಬಿಟ್ಟು ಹೇಳಲಾಗದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಚಿಕಿತ್ಸೆ ಇದೆ, ಆ ಚಿಕಿತ್ಸೆಯಾದ ಮೇಲೆಯೇ ಮಾತಿನ ಅಭ್ಯಾಸಕ್ಕೂ ಮನಸ್ಸು ಬರುವುದು.

ಅಭ್ಯಾಸದ ಹೊತ್ತು ಬಿಟ್ಟರೆ ಉಳಿದ ಹೊತ್ತಿನಲ್ಲಿ ಪದ ಕೇಳಬೇಡಿ, ವಿಷಯ ಮಾತಾಡಿ. ಕೈಗೆಟುಕುವಲ್ಲಿ ಬಿಳಿ ಹಾಳೆ, ದಪ್ಪ ಮಾರ್ಕರ್ ಇರಲಿ. ಮಾತಾಡುತ್ತಲೇ ಮುಖ್ಯ ಪದ ಬರೆಯಿರಿ, ಎರಡು ಆಯ್ಕೆ ಬರೆದು ತೋರಿಸಿ, ಎಡಗೈಯಲ್ಲಿ ಗೀಚಲು ಬಿಡಿ. ಸನ್ನೆ, ಫೋಟೊ, ಫೋನಿನ ಆ್ಯಪ್ ಬಳಸಿದರೆ ಮಾತು ಸೋಮಾರಿಯಾಗುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಅವರು ಹೇಳಿದ್ದು ಅರ್ಥವಾಗದಿದ್ದಾಗ ಅರ್ಥವಾದಂತೆ ತಲೆಯಾಡಿಸಬೇಡಿ. ‘ಅರ್ಥ ಆಗಲಿಲ್ಲ, ಇನ್ನೊಂದು ಥರ ತೋರಿಸಿ’ ಎನ್ನಿ. ಅವರ ಮುಂದೆಯೇ ಅವರ ಬಗ್ಗೆ ವೈದ್ಯರಿಗೆ ನೀವು ಉತ್ತರ ಹೇಳುವಾಗ, ಮೊದಲು ಅವರ ಅನುಮತಿ ಕೇಳಿ.

ಇದ್ದ ಮಾತು ಇದ್ದಕ್ಕಿದ್ದಂತೆ ಕಡಿಮೆಯಾದರೆ, ಬಾಯಿ ಓರೆಯಾದರೆ, ಕೈಕಾಲಿನ ಬಲ ಮತ್ತೆ ಕುಂದಿದರೆ ಅದು ಅಫೇಸಿಯಾದ ಏರಿಳಿತವೆಂದು ಸುಮ್ಮನಿರಬೇಡಿ. ಹೊಸ ಸ್ಟ್ರೋಕ್ ಅಥವಾ ಫಿಟ್ಸ್ ಇರಬಹುದು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು. ಹಿಂದೆ ಸ್ಟ್ರೋಕ್ ಆದವರಿಗೆ ಕೊಡಬಹುದೇ ಎಂಬುದನ್ನು ವೈದ್ಯರು ನೋಡಿ ನಿರ್ಧರಿಸುತ್ತಾರೆ. ಅವರನ್ನು ಸರಿಯಾಗಿದ್ದಂತೆ ಕೊನೆಯ ಬಾರಿ ಕಂಡ ಸಮಯ ಬರೆದುಕೊಂಡು ನೇರ ಆಸ್ಪತ್ರೆಗೆ ಹೊರಡಿ. ಅಲ್ಲಿ ತಂದೆಗೆ ಹೇಳಿಕೊಳ್ಳಲು ಬರುವುದಿಲ್ಲ, ಆದ್ದರಿಂದ ಹಿಂದಿನ ಸ್ಟ್ರೋಕ್‌ನ ದಿನಾಂಕ, ಈಗಿನ ಮಾತ್ರೆಗಳ ಪಟ್ಟಿ, ಸಾಮಾನ್ಯ ದಿನದಲ್ಲಿ ಅವರು ಎಷ್ಟು ಮಾತಾಡುತ್ತಾರೆ ಎಂಬ ಎರಡು ಸಾಲು ಬರೆದ ಹಾಳೆಯನ್ನು ಈಗಲೇ ತಯಾರು ಮಾಡಿ, ಒಂದು ಪ್ರತಿ ಅವರ ಜೇಬಿನಲ್ಲಿ, ಇನ್ನೊಂದು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ.